ನಮ್ಮ ಶಾಲೆಯ ಪ್ರಶ್ನೆ ಬೆಳಗಾವಿಗೆ ಹೋದ ಕಥೆ

ಶಿರಸಿಯಿಂದ ಕುಮಟಾ ಕಡೆ ಹೋಗುವಾಗ ದೇವಿಮನೆ ಘಟ್ಟ ಸಿಗುವ ಮೊದಲು ಒಂದು ಒಳರಸ್ತೆ ಇದೆ. ಅದರಲ್ಲಿ ಆರು ಕಿಲೋಮೀಟರ್ ಹೋದರೆ ನಮ್ಮೂರು. ಊರಿನ ಹೆಸರು ಬೇಡ ಬಿಡಿ, ಅಕ್ಕೋರಿಗೆ, ಅಂದರೆ ನಮ್ಮ ಟೀಚರಿಗೆ, ಸುಮ್ನೆ ತೊಂದರೆ ಆಗೋದು ಬೇಡ. ಒಂದರಿಂದ ಐದನೇ ತರಗತಿವರೆಗಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಎರಡು ಕೋಣೆ, ಒಂದು ಅಡುಗೆಮನೆ, ಅಂಗಳದಲ್ಲಿ ಒಂದು ಹಲಸಿನ ಮರ. 2024ರ ಜೂನ್‌ನಲ್ಲಿ ಮಕ್ಕಳು 14. ನನ್ನ ಮಗಳು ಮೂರನೇ ತರಗತಿ.

ನಾನು ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯ ಅಧ್ಯಕ್ಷೆ ಆಗಿದ್ದು ಹೇಗೆ ಅಂದ್ರೆ, ಆವತ್ತಿನ ಸಭೆಗೆ ಬಂದ ಪಾಲಕರಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಉಳಿದವರು "ನೀನೇ ಆಗು ಮಾರಾಯ್ತಿ" ಅಂದರು. ಅಡಿಕೆ ಸುಲಿಯುವ ಕಾಲ ಆಗಿದ್ದರೆ ನಾನೂ ಹೋಗುತ್ತಿರಲಿಲ್ಲ, ಆಗ ಅಧ್ಯಕ್ಷಗಿರಿ ಯಾರ ಪಾಲಿಗೆ ಬರುತ್ತಿತ್ತೋ. ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಇದು ನನಗೆ ತಿಳಿದದ್ದು ಅಧ್ಯಕ್ಷೆ ಆದ ಮೇಲೆ.

ಆ ವರ್ಷದವರೆಗೆ ನಮ್ಮಲ್ಲಿ ಇಬ್ಬರು ಕಲಿಸುವವರಿದ್ದರು, ಒಬ್ಬರು ಮಾಸ್ತರು, ಒಬ್ಬರು ಅಕ್ಕೋರು. ಮಾಸ್ತರಿಗೆ ಕೌನ್ಸೆಲಿಂಗ್‌ನಲ್ಲಿ ವರ್ಗಾವಣೆ ಆಯಿತು. ಪತಿ-ಪತ್ನಿ ಪ್ರಕರಣ ಅಂತ ಒಂದು ಸಾಲು ಇದೆಯಲ್ಲ, ಅದರಲ್ಲಿ. ಹೆಂಡತಿ ಬೇರೆ ಜಿಲ್ಲೆಯಲ್ಲಿ ಟೀಚರ್, ಇವರು ಇಲ್ಲಿ ಒಬ್ಬರೇ ಅಡುಗೆ ಮಾಡಿಕೊಂಡು ಇದ್ದರು. ಅವರ ಮೇಲೆ ನನಗೆ ಒಂದು ಚೂರೂ ಸಿಟ್ಟಿಲ್ಲ. ಶಿಕ್ಷಕರ ವರ್ಗಾವಣೆಗೆ 2007ರಲ್ಲಿ ಒಂದು ಕಾಯ್ದೆ ಬಂತು, 2020ರಲ್ಲಿ ಇನ್ನೊಂದು ಹೊಸದು ಬಂತು. ವಶೀಲಿ ತಪ್ಪಲಿ, ಎಲ್ಲ ಕಂಪ್ಯೂಟರ್ ಮುಂದೆ ನಡೆಯಲಿ ಅಂತ ಮಾಡಿದ್ದು, ಒಳ್ಳೆಯದೇ. ಆದರೆ ನಮ್ಮಂಥ ಕಡೆಯಿಂದ ಹೊರಡುವವರು ಹೆಚ್ಚು, ಇಲ್ಲಿಗೇ ಬೇಕು ಅಂತ ಆರಿಸಿಕೊಳ್ಳುವವರು ಕಡಿಮೆ. ಹೋದ ಮಾಸ್ತರ ಜಾಗಕ್ಕೆ ಯಾರೂ ಬರಲಿಲ್ಲ.

ಒಬ್ಬರೇ ಅಕ್ಕೋರು ಅಂದರೆ ಏನು ಅಂತ ಪೇಟೆಯವರಿಗೆ ಹೇಳಬೇಕು. ಒಂದರಿಂದ ಮೂರನೇ ತರಗತಿಗೆ ನಲಿ-ಕಲಿ, ಆ ಮಕ್ಕಳು ಒಟ್ಟಿಗೇ ಕೂತು ಕಾರ್ಡ್ ಹಿಡಿದು ಕಲಿಯುತ್ತಾರೆ. ನಾಲ್ಕು, ಐದನೆಯವರು ಪಕ್ಕದ ಕೋಣೆ. ಅಕ್ಕೋರು ಎರಡೂ ಕೋಣೆಯ ನಡುವಿನ ಬಾಗಿಲಲ್ಲಿ ನಿಂತು ಕಲಿಸಬೇಕು. ಇದರ ಮೇಲೆ ಹಾಲಿನ ಪುಡಿಯ ಲೆಕ್ಕ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಅಕ್ಕಿ ಲೆಕ್ಕ, ಮತದಾರರ ಪಟ್ಟಿ, ತಿಂಗಳಿಗೊಂದು ಸಭೆ, ಅದರ ಮೇಲೊಂದು ತರಬೇತಿ. ಅವರು ಶಿರಸಿಗೆ ಹೋದ ದಿನ ಬಿಸಿಯೂಟದ ಅಕ್ಕ ಒಲೆ ಮೇಲೆ ಅನ್ನಕ್ಕಿಟ್ಟು, ಸೌಟು ಕೈಯಲ್ಲಿ ಹಿಡಿದುಕೊಂಡೇ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದರು. ಅವರು ಓದಿದ್ದು ಏಳನೇ ತರಗತಿ. ಹನ್ನೆರಡರ ಮಗ್ಗಿ ನನಗಿಂತ ಚೆನ್ನಾಗಿ ಬರುತ್ತದೆ.

ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು ಇರಬೇಕು. 14 ಮಕ್ಕಳಿದ್ದರೂ ಇಬ್ಬರೇ. ಈ ಸಾಲನ್ನು ಪ್ರಿಂಟ್ ತೆಗೆದು, ಹಳದಿ ಪೆನ್ನಲ್ಲಿ ಗೆರೆ ಎಳೆದು, ಮೂರು ಕಚೇರಿಗೆ ಅರ್ಜಿ ಕೊಟ್ಟೆ. ಎಲ್ಲ ಕಡೆ ಮರ್ಯಾದೆಯಿಂದಲೇ ಮಾತಾಡಿದರು. ಒಂದು ಕಡೆ ಚಾ ಕೂಡ ಕೊಟ್ಟರು. ಟೀಚರ್ ಮಾತ್ರ ಬರಲಿಲ್ಲ.

ಆಗ ನಮ್ಮ ಕೇರಿಯ ನಿವೃತ್ತ ಮಾಸ್ತರು ಒಂದು ಮಾತು ಹೇಳಿದರು. "ತಂಗೀ, ಅರ್ಜಿ ಕೊಟ್ಟರೆ ಅದು ಫೈಲಲ್ಲಿ ಕೂರ್ತದೆ. ಸದನದಲ್ಲಿ ಪ್ರಶ್ನೆ ಕೇಳಿಸಿದ್ರೆ ಉತ್ತರ ಕೊಡಲೇಬೇಕು." ನಾನು ನಕ್ಕೆ. ನಮ್ಮ ಹಲಸಿನ ಮರದ ಶಾಲೆಯ ವಿಷಯ ವಿಧಾನಸಭೆಯಲ್ಲಿ? ಅವರು ನಗಲಿಲ್ಲ.

ಮೊದಲು ನನಗೆ ಹೊಳೆದದ್ದು ಮೇಲ್ಮನೆ. ವಿಧಾನ ಪರಿಷತ್ತಿನಲ್ಲಿ ಶಿಕ್ಷಕರ ಕ್ಷೇತ್ರ ಅಂತಲೇ 7 ಸ್ಥಾನ ಇವೆಯಲ್ಲ. ನಮ್ಮ ಜಿಲ್ಲೆ ಪಶ್ಚಿಮ ಶಿಕ್ಷಕರ ಕ್ಷೇತ್ರಕ್ಕೆ ಸೇರುತ್ತದೆ. 1980ರಿಂದ ಬಸವರಾಜ ಹೊರಟ್ಟಿಯವರು ಗೆದ್ದು ಬರುತ್ತಿರುವ ಕ್ಷೇತ್ರ ಅದು. ಅಕ್ಕೋರ ಹತ್ತಿರ, "ನಿಮ್ಮ ಮತ ಪಡೆದವರನ್ನೇ ಕೇಳೋಣ" ಅಂದೆ. ಅಕ್ಕೋರು ನಕ್ಕುಬಿಟ್ಟರು. "ನಮಗೆಲ್ಲಿ ಓಟು ಅಕ್ಕಾ? ಹೈಸ್ಕೂಲು, ಅದರ ಮೇಲಿನವರಿಗೆ ಮಾತ್ರ."

ನಿಜವಾಗಿಯೂ ಹಾಗೇ ಇದೆ. ಪ್ರೌಢಶಾಲೆಗಿಂತ ಕೆಳಗಿನ ಶಿಕ್ಷಕರು ಆ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ ಅಂತ ಸಂವಿಧಾನದ 171ನೇ ವಿಧಿಯಲ್ಲೇ ಇದೆ. ಅ ಆ ಇ ಈ ಕಲಿಸುವವರಿಗೆ ಶಿಕ್ಷಕರ ಕ್ಷೇತ್ರದಲ್ಲಿ ಮತ ಇಲ್ಲ. ಡಿಗ್ರಿ ಮಾಡಿ ತೋಟ ನೋಡಿಕೊಳ್ಳುವ ನನಗೆ ಪದವೀಧರ ಕ್ಷೇತ್ರದಲ್ಲಿ ಇದೆ. ಇದನ್ನು ಯೋಚಿಸಿ ಆವತ್ತು ರಾತ್ರಿ ನಿದ್ದೆ ಬರಲು ಹೊತ್ತಾಯಿತು.

ಕೊನೆಗೆ ಹೋದದ್ದು ಒಬ್ಬ ಶಾಸಕರ ಹತ್ತಿರ. ನಮ್ಮ ಜಿಲ್ಲೆಯಲ್ಲಿ 6 ವಿಧಾನಸಭಾ ಕ್ಷೇತ್ರ ಇವೆ. ಆರರಲ್ಲಿ ಯಾರು ಅಂತ ಹೇಳುವುದಿಲ್ಲ. ಅವರು ಐದು ನಿಮಿಷ ಕೇಳಿಸಿಕೊಂಡರು, "ಬರೆದು ಕೊಡಿ" ಅಂದರು, ಮದುವೆ ಮನೆಗೆ ಹೊರಟರು. ಬರೆದು ಕೊಡುವುದು ಯಾರಿಗೆ? ಅವರ ಪಿಎಗೆ.

ಇಡೀ ಕಥೆಯಲ್ಲಿ ನನಗೆ ಪಾಠ ಹೇಳಿದವನು ಈ ಪಿಎ. ನನಗಿಂತ ಚಿಕ್ಕ ಹುಡುಗ. ಸದನದಲ್ಲಿ ಎರಡು ತರದ ಪ್ರಶ್ನೆ ಅಂತ ಹೇಳಿಕೊಟ್ಟ. ಚುಕ್ಕೆ ಗುರುತಿನದಾದರೆ ಮಂತ್ರಿಗಳು ಎದ್ದು ನಿಂತು ಬಾಯಲ್ಲಿ ಉತ್ತರ ಹೇಳಬೇಕು, ಮೇಲೆ ಮತ್ತೆ ಕೇಳಬಹುದು. ಚುಕ್ಕೆ ಇಲ್ಲದ್ದಾದರೆ ಲಿಖಿತ ಉತ್ತರ ಅಷ್ಟೇ. ಚುಕ್ಕೆ ಪ್ರಶ್ನೆಗೆ ಪೈಪೋಟಿ ಜಾಸ್ತಿ, ನಮ್ಮದು ಲಿಖಿತಕ್ಕೆ ಹೋಯಿತು. ನಾನೂ ನಿವೃತ್ತ ಮಾಸ್ತರೂ ಸೇರಿ ಜಗಲಿಯಲ್ಲಿ ಕೂತು ಎರಡು ಪುಟ ಬರೆದಿದ್ದೆವು. ಮಳೆಗಾಲದ ಕಷ್ಟ, ಹಳ್ಳ ದಾಟುವ ಮಕ್ಕಳು, ಎಲ್ಲ ಇತ್ತು. ಮಾಸ್ತರು ಸರ್ವಜ್ಞನ ವಚನವನ್ನೂ ಒಂದು ಸೇರಿಸಿದ್ದರು. ಪಿಎ ಅದನ್ನು ಮೂರು ಸಾಲು ಮಾಡಿದ. ನಮ್ಮ ತಾಲ್ಲೂಕಿನ ಶಾಲೆಗಳಲ್ಲಿ ಶಿಕ್ಷಕರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ. ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು. ಏಕೋಪಾಧ್ಯಾಯ ಶಾಲೆಗಳು ಎಷ್ಟು, ವಿವರ ನೀಡುವುದು.

ಆಮೇಲೆ ಸುಮಾರು ದಿನ ಏನೂ ಇಲ್ಲ. ಸುಗ್ಗಿ ಕೆಲಸ ಶುರುವಾಯಿತು, ಮರೆತೇ ಹೋಗಿತ್ತು.

ನವೆಂಬರ್ ಕೊನೆಯ ಒಂದು ದಿನ ಮಗಳಿಗೆ ಬುತ್ತಿ ಕೊಡಲು ಶಾಲೆಗೆ ಹೋದೆ. ಬಿಸಿಯೂಟ ಇದ್ದರೂ ಆವತ್ತು ಮನೆಯಲ್ಲಿ ತೊಡದೇವು ಮಾಡಿದ್ದೆ, ಅದಕ್ಕೆ. ನೋಡಿದರೆ ಮಕ್ಕಳೆಲ್ಲ ಅಂಗಳದಲ್ಲಿ ಆಡುತ್ತಿದ್ದಾರೆ, ಬಿಸಿಯೂಟದ ಅಕ್ಕ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದಾರೆ. ಅಕ್ಕೋರು ಎಲ್ಲಿ? ಗುಡ್ಡದ ಮೇಲೆ. ನಮ್ಮೂರಲ್ಲಿ ನೆಟ್‌ವರ್ಕ್ ಸಿಗುವುದು ಶಾಲೆಯ ಹಿಂದಿನ ಗುಡ್ಡದ ನೆತ್ತಿಯಲ್ಲಿ, ಅದೂ ಒಂದು ಕಾಸರಕನ ಮರದ ಬುಡದಲ್ಲಿ ನಿಂತರೆ. ನಾನೂ ಹತ್ತಿದೆ. ಅಕ್ಕೋರು ಹಾಜರಿ ಪುಸ್ತಕ, ಇನ್ನೊಂದು ದಪ್ಪ ರಿಜಿಸ್ಟರ್ ಎರಡನ್ನೂ ಕಲ್ಲಿನ ಮೇಲೆ ಹರಡಿಕೊಂಡು ಮೊಬೈಲಲ್ಲಿ ಅಂಕಿ ತುಂಬುತ್ತಿದ್ದರು. ಬೆವರು ಇಳಿಯುತ್ತಿತ್ತು.

"ಎಂತ ಇದು?" ಅಂದೆ.

"ಎಲ್‌ಎಕ್ಯೂ ಅಕ್ಕಾ. ತುರ್ತು. ಒಂದು ಗಂಟೆ ಒಳಗೆ ಕಳಿಸಬೇಕಂತೆ. ಯಾರೋ ಅಸೆಂಬ್ಲಿಯಲ್ಲಿ ಪ್ರಶ್ನೆ ಹಾಕಿದ್ದಾರಂತೆ, ಶಾಲೆಯಲ್ಲಿ ಟೀಚರ್ ಎಷ್ಟು ಜನ ಇದ್ದಾರೆ ಅಂತ."

ನನಗೆ ಕೂರಬೇಕು ಅನ್ನಿಸಿತು. ಕೂತೆ.

ಪ್ರಶ್ನೆ ನನ್ನದು ಅಂತ ಅವರಿಗೆ ಹೇಳಲೋ ಬೇಡವೋ ಅಂತ ಸ್ವಲ್ಪ ಹೊತ್ತು ಒದ್ದಾಡಿದೆ. ಜಗಲಿಯಿಂದ ಹೊರಟ ಪ್ರಶ್ನೆ ಪಿಎ ಕೈಗೆ ಹೋಗಿ, ಬೆಂಗಳೂರಿಗೆ ಹೋಗಿ, ಇಲಾಖೆಗೆ ಹೋಗಿ, ಅಲ್ಲಿಂದ ಶಿರಸಿ ಶೈಕ್ಷಣಿಕ ಜಿಲ್ಲೆಗೆ ಇಳಿದು, ಹತ್ತಿರದ ಶಾಲೆಗಳ ಗುಂಪನ್ನು, ಅಂದರೆ ಕ್ಲಸ್ಟರನ್ನು, ನೋಡಿಕೊಳ್ಳುವ ಸಿಆರ್‌ಪಿಯ ಗ್ರೂಪಿಗೆ ಬಂದು, ಕೊನೆಗೆ ಇದೇ ಗುಡ್ಡ ಹತ್ತಿದೆ. ನಮ್ಮ ಶಾಲೆಯಲ್ಲಿ ಟೀಚರ್ ಇಲ್ಲ ಅಂತ ಸರ್ಕಾರಕ್ಕೆ ತಿಳಿಸಬೇಕಾದರೆ, ಇರುವ ಒಬ್ಬ ಟೀಚರ್ ಪಾಠ ಬಿಟ್ಟು ಬರಬೇಕು. ಹೇಳಿದೆ. ಅಕ್ಕೋರು ನನ್ನ ಮುಖ ನೋಡಿದರು. "ನೀವಾ?" ಅಂದರು. ಆಮೇಲೆ ಏನಂದರು ಗೊತ್ತಾ? "ಹಾಗಾದ್ರೆ ಈ ರಿಜಿಸ್ಟರ್ ಹಿಡ್ಕೊಳ್ಳಿ, ಗಾಳಿಗೆ ಹಾಳೆ ಹಾರ್ತಾ ಇದೆ."

ತೊಡದೇವನ್ನು ಇಬ್ಬರೂ ಅಲ್ಲೇ ಕೂತು ತಿಂದೆವು. ಮಗಳಿಗೆ ಎರಡು ಉಳಿದವು.

ಡಿಸೆಂಬರ್ ಅಧಿವೇಶನ ಬೆಳಗಾವಿಯಲ್ಲಿ. ಪಿಎ ಗ್ಯಾಲರಿ ಪಾಸ್ ಮಾಡಿಸಿಕೊಡುತ್ತೇನೆ ಅಂದ. ಲಿಖಿತ ಉತ್ತರಕ್ಕೆ ಯಾರೂ ಹೋಗಿ ಕೂರಬೇಕಾಗಿಲ್ಲ, ಆದರೂ ನೋಡಬೇಕು ಅನ್ನಿಸಿತು. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ ಫ್ರೀ, ಖರ್ಚಿನ ನೆಪ ಹೇಳುವಂತಿರಲಿಲ್ಲ. ನಮ್ಮನೆಯವರು ಟಿಕೆಟ್ ತೆಗೆದುಕೊಂಡರು, ನಾನು ಆಧಾರ್ ತೋರಿಸಿದೆ. ಶಿರಸಿಯಿಂದ ಹುಬ್ಬಳ್ಳಿ, ಅಲ್ಲಿಂದ ಬೆಳಗಾವಿ. ಸುವರ್ಣ ವಿಧಾನಸೌಧ ಪೇಟೆಗಿಂತ ಮೊದಲೇ, ಹಲಗಾ ಹತ್ತಿರ ಹೆದ್ದಾರಿ ಪಕ್ಕದಲ್ಲಿ ಸಿಗುತ್ತದೆ. 2012ರಲ್ಲಿ ಉದ್ಘಾಟನೆಯಾದ ಕಟ್ಟಡ. ಎತ್ತರದಲ್ಲಿ ಬೆಳ್ಳಗೆ ಕೂತಿದೆ. ವರ್ಷಕ್ಕೆ ಹತ್ತು ದಿನ ಅದಕ್ಕೆ ಜೀವ ಬರುತ್ತದೆ ಅಂತ ನಮ್ಮನೆಯವರು ಅಂದರು.

ನಾವು ಹೋದದ್ದು 2024ರ ಡಿಸೆಂಬರ್ 10. ಆವತ್ತು ಬೆಳಗಿನ ಜಾವ ಎಸ್.ಎಂ. ಕೃಷ್ಣ ತೀರಿಕೊಂಡಿದ್ದರು. ನಮಗೆ ಬಸ್ಸಿನಲ್ಲಿ ಮೊಬೈಲ್ ನೋಡಿದಾಗ ಗೊತ್ತಾಯಿತು. ಹೊರಗೆ ಮೀಸಲಾತಿ ಹೋರಾಟದ ಜನ, ಪೊಲೀಸರು, ದೊಡ್ಡ ಗದ್ದಲ. ಒಳಗೆ ಸಂತಾಪ. ಮರುದಿನ ಸರ್ಕಾರಿ ರಜೆ. ಪ್ರಶ್ನೋತ್ತರ ನೋಡುವ ಯೋಗ ನಮಗಿರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಒಂದು ವಿಷಯ ನೆನಪಾಯಿತು. ಎಸ್‌ಡಿಎಂಸಿ ಅನ್ನುವುದು ಹುಟ್ಟಿದ್ದೇ 2001ರಲ್ಲಿ, ಕೃಷ್ಣ ಮುಖ್ಯಮಂತ್ರಿ ಆಗಿದ್ದಾಗ. ಊರ ಶಾಲೆಯ ಉಸ್ತುವಾರಿ ಪಾಲಕರಿಗೇ ಕೊಡಬೇಕು ಅಂತ ಆದೇಶ ಆದದ್ದು ಆಗ. ಅದಿಲ್ಲದಿದ್ದರೆ ನಾನು ಅಧ್ಯಕ್ಷೆಯೂ ಅಲ್ಲ, ಈ ಬಸ್ಸಿನಲ್ಲೂ ಇರುತ್ತಿರಲಿಲ್ಲ.

ನಮ್ಮ ಕಡೆಯವರು ಈ ವಿಷಯದಲ್ಲಿ ಹಿಂದೆ ಬಿದ್ದವರೂ ಅಲ್ಲ. ರಾಮಕೃಷ್ಣ ಹೆಗಡೆ ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯವರು. ಅವರು ಮುಖ್ಯಮಂತ್ರಿಯಾದ 1983ರಲ್ಲೇ ಕರ್ನಾಟಕ ಶಿಕ್ಷಣ ಕಾಯ್ದೆ ಆದದ್ದು. ಅದು ಜಾರಿಗೆ ಬಂದದ್ದು 1995ರಲ್ಲಿ. 1983ರಲ್ಲಿ ಒಂದನೇ ತರಗತಿಗೆ ಸೇರಿದ ಮಗು ಕಾಯ್ದೆ ಜಾರಿಯಾಗುವ ಹೊತ್ತಿಗೆ ಪಿಯುಸಿವರೆಗೆ ಬಂದಿರುತ್ತದೆ. ವಿಶ್ವೇಶ್ವರ ಹೆಗಡೆ ಕಾಗೇರಿಯವರು 2008ರಿಂದ 2013ರವರೆಗೆ ಶಿಕ್ಷಣ ಸಚಿವರಾಗಿದ್ದರು, ಶಿರಸಿಯವರೇ. 2023ರಲ್ಲಿ ಶಿಕ್ಷಣ ಸಚಿವರಾದ ಮಧು ಬಂಗಾರಪ್ಪನವರ ಸೊರಬ ನಮ್ಮ ಬನವಾಸಿ ಗಡಿ ದಾಟಿದರೆ ಸಿಗುತ್ತದೆ. ಪಕ್ಕದ ಮನೆಯಲ್ಲೇ ಡಾಕ್ಟರ್ ಇದ್ದರೂ ಕೆಮ್ಮು ಹೋಗಬೇಕಲ್ಲ.

ಉತ್ತರ ವಾರದ ಮೇಲೆ ವಾಟ್ಸಾಪಿನಲ್ಲಿ ಪಿಡಿಎಫ್ ಆಗಿ ಬಂತು. ಎಡಗಡೆ ನಮ್ಮ ಪ್ರಶ್ನೆ ಅ), ಆ), ಇ) ಅಂತ, ಬಲಗಡೆ ಉತ್ತರ. ಮೊದಲನೆಯದಕ್ಕೆ, ಅಂದರೆ ಗಮನಕ್ಕೆ ಬಂದಿದೆಯೇ ಅನ್ನುವುದಕ್ಕೆ, ಒಂದೇ ಪದ: "ಬಂದಿದೆ." ಮಾಸ್ತರು ಅದನ್ನು ಜೋರಾಗಿ ಓದಿ ಕನ್ನಡಕ ತೆಗೆದರು. ಎರಡನೆಯದಕ್ಕೆ, ಅತಿಥಿ ಶಿಕ್ಷಕರನ್ನು ತೆಗೆದುಕೊಂಡು ಪಾಠ ಪ್ರವಚನಕ್ಕೆ ತೊಂದರೆ ಆಗದಂತೆ ನೋಡಿಕೊಳ್ಳಲಾಗಿದೆ ಅಂತ. ಮೂರನೆಯದಕ್ಕೆ ಅನುಬಂಧ ನೋಡಿ ಅಂತ. ಅನುಬಂಧದಲ್ಲಿ ನಮ್ಮ ಶಾಲೆ ಇತ್ತು. ಊರಿನ ಹೆಸರಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು, ಆದರೂ ಇತ್ತು. ಮಗಳು ಅದನ್ನು ಶಾಲೆಗೆ ಒಯ್ದು ಎಲ್ಲರಿಗೂ ತೋರಿಸಿದಳು.

ಆ ಅನುಬಂಧವನ್ನೇ ನಾನು ಮತ್ತೆ ಅರ್ಜಿಗೆ ಲಗತ್ತಿಸಿದೆ. ಸರ್ಕಾರವೇ ಸದನದಲ್ಲಿ ಒಪ್ಪಿಕೊಂಡ ಕಾಗದ, ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ? ಈ ಸಲ ಚಾ ಸಿಗಲಿಲ್ಲ, ಆದರೆ ಕೆಲಸ ಆಯಿತು. 2025ರ ಜೂನ್ ಹೊತ್ತಿಗೆ ನಮಗೊಬ್ಬರು ಅತಿಥಿ ಶಿಕ್ಷಕಿ ಸಿಕ್ಕರು. ಎಂಟು ಕಿಲೋಮೀಟರ್ ದೂರದಿಂದ ಸ್ಕೂಟಿಯಲ್ಲಿ ಬರುವ ಹುಡುಗಿ. ಡಿಎಡ್ ಮಾಡಿ ಆರು ವರ್ಷ ಆಗಿತ್ತು. ತಿಂಗಳಿಗೆ 10,000 ಇದ್ದ ಗೌರವಧನವನ್ನು ಆ ವರ್ಷದ ಬಜೆಟ್‌ನಲ್ಲಿ 2,000 ಜಾಸ್ತಿ ಮಾಡಿದ್ದರು. ಕೈಗೆ ಬರುವುದು ತಡ. ಸ್ಕೂಟಿ ಪೆಟ್ರೋಲಿಗೆ ಎರಡು ಸಲ ನಾನೇ ಸಾಲ ಕೊಟ್ಟಿದ್ದೇನೆ. ಅವರ ಪಾಠ ಮಾತ್ರ ಮಕ್ಕಳಿಗೆ ಭಾಳ ಇಷ್ಟ.

ಆಗಸ್ಟಿನಲ್ಲಿ ಸುಖದೇವ್ ಥೋರಟ್ ಆಯೋಗ ರಾಜ್ಯ ಶಿಕ್ಷಣ ನೀತಿಯ ವರದಿ ಕೊಟ್ಟಿತು. ಪೂರ್ವ ಪ್ರಾಥಮಿಕ ಎರಡು ವರ್ಷ, ಪ್ರಾಥಮಿಕ ಎಂಟು ವರ್ಷ, ಪ್ರೌಢ ನಾಲ್ಕು ವರ್ಷ ಅಂತ ಶಾಲೆ ವಿಂಗಡಿಸಬೇಕು, ಐದನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲೇ ಕಲಿಸಬೇಕು ಅಂತ ಅದರಲ್ಲಿದೆ. ಎರಡನೆಯದು ನನಗೂ ಒಪ್ಪಿಗೆ. ಆದರೆ ನಮ್ಮೂರ ಬಾಗಿಲಿಗೇ ಹಳದಿ ವ್ಯಾನ್ ಬರುತ್ತದೆ, ಇಂಗ್ಲಿಷ್ ಶಾಲೆಯದು. 2019ರಲ್ಲಿ ಸರ್ಕಾರವೇ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿತು. ಕರ್ನಾಟಕ ಪಬ್ಲಿಕ್ ಸ್ಕೂಲ್ ಅಂತ ಒಂದೇ ಆವರಣದಲ್ಲಿ ಎಲ್ಲ ತರಗತಿ ಇರುವ ದೊಡ್ಡ ಶಾಲೆಗಳೂ ಬಂದವು. ಒಳ್ಳೆಯ ಕಟ್ಟಡ, ಸಾಕಷ್ಟು ಶಿಕ್ಷಕರು. ಅವು ಬೇಡ ಅಂತ ಯಾರು ಹೇಳ್ತಾರೆ? ಆದರೆ ಅಲ್ಲಿ ಶಿಕ್ಷಕರು ಇದ್ದಾರೆ ಅಂತ ಇಲ್ಲಿಯ ಮಗು ಅಲ್ಲಿಗೆ ಹೋಗುತ್ತದೆ, ಮಗು ಹೋಯಿತು ಅಂತ ಇಲ್ಲಿಗೆ ಶಿಕ್ಷಕರು ಬರುವುದಿಲ್ಲ. ಶಾಲೆಯಲ್ಲಿ ಈಗ ಮಕ್ಕಳು 12. ಇಬ್ಬರು ವ್ಯಾನ್ ಹತ್ತಿದರು. ಒಬ್ಬನ ಅಮ್ಮ ನಮ್ಮ ಸಮಿತಿಯ ಸದಸ್ಯೆ. ನನ್ನ ಎದುರು ಬಂದಾಗ ಈಗ ಬೇರೆ ದಾರಿ ಹಿಡಿಯುತ್ತಾಳೆ. ಅವಳನ್ನು ಬೈಯುವ ಮುಖ ನನಗಿಲ್ಲ. ನನ್ನ ತಮ್ಮನ ಮಕ್ಕಳೂ ಅದೇ ವ್ಯಾನಿನಲ್ಲಿದ್ದಾರೆ.

ಸೆಪ್ಟೆಂಬರ್ 22ಕ್ಕೆ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಅಕ್ಕೋರು ಮತ್ತೆ ಮೊಬೈಲ್ ಹಿಡಿದು ಮನೆ ಮನೆ, ಗುಡ್ಡ ಗುಡ್ಡ. ಸಮೀಕ್ಷೆ ಮುಗಿಯದೆ ದಸರಾ ರಜೆ ಅಕ್ಟೋಬರ್ 18ರವರೆಗೆ ಎಳೆಯಿತು. ನಮ್ಮನೆಗೂ ಬಂದರು. ಪ್ರಶ್ನೆ ಕೇಳಿ ಕೇಳಿ ಗಂಟಲು ಒಣಗಿತ್ತು. ಮಜ್ಜಿಗೆ ಕೊಟ್ಟೆ. "ನಿಮ್ಮ ಮುಂದಿನ ಪ್ರಶ್ನೆ ಯಾವಾಗ?" ಅಂತ ಅವರೇ ಕೇಳಿದರು.

ಅದೂ ಆಯಿತು. 2025ರ ಡಿಸೆಂಬರ್ ಅಧಿವೇಶನಕ್ಕೆ ಎರಡನೇ ಪ್ರಶ್ನೆ. ಈ ಸಲ ನಾನು ಜಾಣೆ ಆಗಿದ್ದೆ ಅಂದುಕೊಂಡಿದ್ದೆ. "ಗಮನಕ್ಕೆ ಬಂದಿದೆಯೇ" ಬೇಡವೇ ಬೇಡ ಅಂದೆ. ಐದು ತರಗತಿಗೆ ಒಬ್ಬರೇ ಶಿಕ್ಷಕರಿರುವ ಶಾಲೆಗಳು ಯಾವುವು, ಎಷ್ಟು ದಿನಗಳಿಂದ, ಕಾಯ್ದೆ ಹೇಳುವ ಎರಡನೇ ಶಿಕ್ಷಕರನ್ನು ಯಾವ ತಿಂಗಳೊಳಗೆ ಕೊಡುತ್ತೀರಿ ಅಂತ ನೇರವಾಗಿ ಬರೆದೆ. ಅಕ್ಕೋರಿಗೆ ಮೊದಲೇ ಹೇಳಿಟ್ಟೆ, ರಿಜಿಸ್ಟರ್ ಹಿಡಿದುಕೊಳ್ಳಲು ನಾನೂ ಗುಡ್ಡಕ್ಕೆ ಹೋದೆ. ಅತಿಥಿ ಟೀಚರ್ ಕೆಳಗೆ ಪಾಠ ಮಾಡುತ್ತಿದ್ದರು, ಮಕ್ಕಳ ದನಿ ಮೇಲಿನವರೆಗೂ ಕೇಳುತ್ತಿತ್ತು.

ಪಿಡಿಎಫ್ ಬಂತು. ಅನುಬಂಧ ತೆರೆದು ನಮ್ಮ ಕ್ಲಸ್ಟರ್ ಹುಡುಕಿದೆ. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಎರಡು ಸಲ ನೋಡಿದೆ. ನಮ್ಮ ಶಾಲೆ ಇಲ್ಲ. ಪಿಎಗೆ ಫೋನ್ ಮಾಡಿದೆ.

"ಅಕ್ಕಾ, ನಿಮ್ಮಲ್ಲಿ ಅತಿಥಿ ಶಿಕ್ಷಕಿ ಇದ್ದಾರಲ್ಲ?"

"ಇದ್ದಾರೆ. ಮಾರ್ಚ್‌ಗೆ ಹೋಗ್ತಾರೆ."

"ಲೆಕ್ಕಕ್ಕೆ ಇಬ್ಬರಾದ್ರು ನೋಡಿ. ನೀವು ಕಾಯಂ ಅಂತ ಬರೀಲಿಲ್ಲ, ನಾನೂ ನೋಡಲಿಲ್ಲ."

ಮಾಸ್ತರು ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ವಿಷಯ ಹೇಳಿದೆ. ಅವರು ಏನೂ ಅನ್ನಲಿಲ್ಲ, ಮಗಳ ಹಳೇ ನೋಟ್‌ಬುಕ್ ಎಳೆದುಕೊಂಡು ಖಾಲಿ ಹಾಳೆ ಹುಡುಕಿದರು. ಸುಣ್ಣ ಮೆತ್ತಿದ ಬೆರಳಲ್ಲೇ ಪೆನ್ ಹಿಡಿದು ಬರೆದರು: ಅ) ಅತಿಥಿ ಶಿಕ್ಷಕರನ್ನು ಹಾಗೂ ನಿಯೋಜನೆಯ ಮೇಲಿರುವವರನ್ನು ಹೊರತುಪಡಿಸಿ...